ಪುಕ್ಕಟೆ ಪಿಡಿಎಫ್ ರೀಡರ್: ಬಳಸುವ ಕ್ರಮ, ರಾಜಾಜಿನಗರ ಆವೃತ್ತಿ

ಅಭಿನಂದನೆಗಳು. ಕಾಸು ಬಿಚ್ಚದೆ ರೀಡರ್ ಹಾಕಿಕೊಂಡಿದ್ದೀರಿ. ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ತಂದಾಗ ಬರೀ ನೋಡುವುದಕ್ಕೂ ದುಡ್ಡು ಕೇಳುತ್ತಿತ್ತು. ಈಗ ನೋಡುವುದು ಪುಕ್ಕಟೆ. ತಪ್ಪಿದ ಮನೆ ನಂಬರ್ ತಿದ್ದಲು ಹೋದರೆ ಚಂದಾ ಕಟ್ಟಿ ಅನ್ನುತ್ತದೆ.

ಮೊದಲು ಇ-ಆಧಾರ್ ತೆರೆಯಿರಿ. ಪಾಸ್‌ವರ್ಡ್ ಕೇಳಿದೊಡನೆ ಮಗನಿಗೆ ಫೋನ್ ಮಾಡಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಎಲ್ಲವೂ ಕ್ಯಾಪಿಟಲ್, ಬೆನ್ನಿಗೇ ಹುಟ್ಟಿದ ಇಸವಿ. ಇಸವಿ ಅಂದರೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು, ಅಮ್ಮ ಹೇಳುವುದಲ್ಲ. ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಅನುಮಾನ ನಿಮ್ಮ ಮೇಲಲ್ಲ. ಸಹಿ ಹಾಕಿದವರ ಪರಿಚಯ ರೀಡರಿಗಿಲ್ಲ, ಅಷ್ಟೆ. ಸಹಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಆ ಪ್ರಮಾಣಪತ್ರವನ್ನು ನಂಬು ಎಂದು ಹೇಳಿಕೊಟ್ಟರೆ ಹಸಿರು ಗುರುತು ಬರುತ್ತದೆ. ಇದೆಲ್ಲ ಪ್ರಿಂಟ್ ತೆಗೆಯುವ ಮುಂಚೆ ಮಾಡಿ. ಕಾಗದಕ್ಕಿಳಿದ ಪ್ರಶ್ನಾರ್ಥಕ ಚಿಹ್ನೆಗೆ ಬಲಗುಂಡಿ ಇಲ್ಲ.

ಇನ್ನು ಕನ್ನಡ. ಬಡಾವಣೆ ಸಂಘದ ಹಳೇ ಸುತ್ತೋಲೆಯೊಂದನ್ನು ತೆರೆಯಿರಿ. ಮದುವೆ ಕಾರ್ಡಿನಷ್ಟು ಮುದ್ದಾಗಿ ಕಾಣುತ್ತದೆ. ಅದರಿಂದ ‘ಕನ್ನಡ’ ಎಂಬ ಒಂದೇ ಒಂದು ಪದ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಬೀಳುವುದೇನು? ಒಂದು ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡು, ಮತ್ತೆ ಅದೇ ಗೀಟಿನ ಎ, ಜರ್ಮನರದೊಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ವೈರಸ್ ಅಲ್ಲ, ರೀಡರಿನ ತಪ್ಪೂ ಅಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಕೂರಿಸಿದ್ದರು. ಫೈಲಿನೊಳಗೆ ಫಾಂಟೂ ಅಡಕವಾಗಿರುವ ತನಕ ಕಣ್ಣಿಗೆ ಕನ್ನಡ. ಆಚೆ ತೆಗೆದರೆ ಮೂಲ ಮಾಲೀಕರು ಹಾಜರು. ಹುಡುಕುವ ಪಟ್ಟಿಯಲ್ಲಿ ‘ಬಸವೇಶ್ವರನಗರ’ ಎಂದು ಟೈಪ್ ಮಾಡಿದರೆ, ಎದುರಿಗೇ ದಪ್ಪಕ್ಷರದಲ್ಲಿದ್ದರೂ ‘ಇಲ್ಲ’ ಎನ್ನುತ್ತದೆ. ಅದಕ್ಕೆ ರೀಡರನ್ನು ಬಯ್ಯದೆ ಆಸ್ಕಿ-ಯೂನಿಕೋಡ್ ಪರಿವರ್ತಕ ಹುಡುಕಿ. ಅವೂ ಪುಕ್ಕಟೆ ಸಿಗುತ್ತವೆ. ನನ್ನ ಕೇಳಿದರೆ, ಇವತ್ತೂ ಹಳೇ ಫಾಂಟಿನಲ್ಲೇ ಸುತ್ತೋಲೆ ಹೊರಡಿಸುವವರಿಗೆ ಅವರ ಹಳೇ ಕಡತವನ್ನೇ ಕೊಟ್ಟು ಒಂದು ಹೆಸರು ಹುಡುಕಲು ಕೂರಿಸಬೇಕು.

ಕ್ರಯಪತ್ರದ ಸ್ಕ್ಯಾನ್ ಇನ್ನೂ ಸುಲಭ: ಅದು ಬರೀ ಫೋಟೋ. ಹಿಗ್ಗಿಸಬಹುದು, ತಿರುಗಿಸಬಹುದು, ಅಕ್ಷರ ಎತ್ತಲು ಬೇರೆ ತಂತ್ರಾಂಶ ಬೇಕು. ಗೂಗಲ್ ಡ್ರೈವ್ ಮುದ್ರಿತ ಕನ್ನಡವನ್ನು ಸುಮಾರಾಗಿ ಓದುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಅಕ್ಷರಗಳ ಮೇಲೇ ಕೂತಿದ್ದರೆ ಹೆಚ್ಚು ಆಸೆ ಬೇಡ.

ಕಡೆಯ ಸೂಚನೆ, ವಿಜಯನಗರದ ಜೆರಾಕ್ಸ್ ಅಂಗಡಿಗಳಿಗೂ ಅನ್ವಯ. ‘ಅಣ್ಣಾ, ವಾಟ್ಸಾಪ್ ಮಾಡಿದೀನಿ, ಎರಡು ಕಾಪಿ ಕೊಡಿ’ ಅಂದಿರಿ. ಕಾಪಿ ಬಂತು, ಹೊರಟಿರಿ. ನಿಮ್ಮ ಆಧಾರ್ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯಿತು, ಪಾಸ್‌ವರ್ಡನ್ನೂ ನೀವೇ ಗಟ್ಟಿಯಾಗಿ ಹೇಳಿದ್ದೀರಿ. ಅಳಿಸಲು ಹೇಳಿ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ, ಹಿಂದೆ ನಿಂತವರು ‘ಬೇಗ ಆಗ್ಲಿ ಸಾರ್’ ಅಂದರೂ.