ಹದಿನಾರಾಣೆ ಲೆಕ್ಕ

ಗಣಿತಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ವಿಚ್ಛೇದನ ಆಗಿತ್ತು. ಜೀವನಾಂಶ ಅಂತ 38 ಅಂಕ ಸಿಕ್ಕಿತ್ತು. ಅಂಥವನು ಬೆಂಗಳೂರಿಗೆ ಬಂದು ವೆಬ್‌ಸೈಟುಗಳಿಗೆ ಕೋಡ್ ಬರೆದುಕೊಂಡು ಇಷ್ಟು ವರ್ಷ ಬದುಕಿದ್ದೇನೆಂದರೆ ಅದಕ್ಕೆ ಕಾರಣ ಜಾವಾಸ್ಕ್ರಿಪ್ಟಿನ ‘ಮ್ಯಾಥ್’. ಅದೊಂದು ಒಗ್ಗರಣೆ ಡಬ್ಬಿ. ಅಡುಗೆಗೆ ನಿಂತವರು ಸಾಸಿವೆ ಬೆಳೆಯಲು ಹೊಲಕ್ಕೆ ಹೋಗುವುದಿಲ್ಲ, ಡಬ್ಬಿಗೆ ಕೈ ಹಾಕುತ್ತಾರೆ. ಹಾಗೇ ವರ್ಗಮೂಲ ಬೇಕಾದರೆ ‘ಸ್ಕ್ವೇರ್ ರೂಟ್’, ದಶಮಾಂಶ ಉದುರಿಸಬೇಕಾದರೆ ‘ರೌಂಡ್’, ‘ಫ್ಲೋರ್’, ‘ಸೀಲ್’, ಚೀಟಿ ಎತ್ತಬೇಕಾದರೆ ‘ರ‍್ಯಾಂಡಮ್’. ಎಲ್ಲ ಬಟ್ಟಲೂ ತುಂಬಿಯೇ ಇರುತ್ತವೆ. ಬ್ರೆಂಡನ್ ಐಕ್ ಎಂಬ ಪುಣ್ಯಾತ್ಮ 1995ರ ಮೇ ತಿಂಗಳಲ್ಲಿ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿ ನಿಲ್ಲಿಸಿದನಂತೆ. ನಮ್ಮ ಮನೆಗೆ ಸುಣ್ಣ ಬಳಿಯಲು ಅದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಡಬ್ಬಿಯ ಒಳಗೇನಿದೆ ಎಂದು ನಾನು ಒಮ್ಮೆಯೂ ಮೂಸಿ ನೋಡಿದವನಲ್ಲ. ನೋಡುವಂತೆ ಮಾಡಿದವರು ದೊಡ್ಡಪ್ಪ.

ಹೋದ ಬೇಸಿಗೆಯಲ್ಲಿ ನಮ್ಮ ಇಡೀ ಕುಟುಂಬ ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಸುತ್ತಿ ಬಂದಿತು. ಒಟ್ಟು 14 ತಲೆ. ಖರ್ಚೆಲ್ಲ ಬರೆದಿಟ್ಟವರು ದೊಡ್ಡಪ್ಪ. ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕೆಂಪು ಗೆರೆಯ ಪುಸ್ತಕ, ಕಿವಿಯ ಮೇಲೆ ಪೆನ್ನು, ಬಾಯಲ್ಲಿ ಕಾಲು ಅರೆ ಮುಕ್ಕಾಲಿನ ಮಗ್ಗಿ. ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನು ಜಂಬ ತೋರಿಸಲು ಹೋದೆ. “ದೊಡ್ಡಪ್ಪ, ಐದು ನಿಮಿಷ ಕೊಡಿ, ಒಂದು ಪೇಜ್ ಮಾಡ್ತೀನಿ. ಒಟ್ಟು ಖರ್ಚು ಹಾಕಿದರೆ ತಲೆಗೆಷ್ಟು ಅಂತ ಅದೇ ಹೇಳುತ್ತೆ.”

ಮೊದಲ ಪ್ರದರ್ಶನಕ್ಕೆ ಮನೆಮಂದಿಯೆಲ್ಲ ಸೇರಿದರು. ದೊಡ್ಡಪ್ಪ ಒಂದೇ ಬೆರಳಲ್ಲಿ 23,458 ಒತ್ತಿದರು. ಎಷ್ಟು ಜನ ಎನ್ನುವ ಚೌಕ ಇನ್ನೂ ಖಾಲಿ ಇತ್ತು. ಅಷ್ಟರಲ್ಲೇ ಪರದೆ ಉತ್ತರ ಕೊಟ್ಟಿತು: ತಲೆಗೆ ‘ಇನ್ಫಿನಿಟಿ’ ರೂಪಾಯಿ.

“ಅನಂತ ರೂಪಾಯಾ? ನಾವು ಹೋಗಿದ್ದು ಕುಕ್ಕೆಗೋ ಕೈಲಾಸಕ್ಕೋ?” ಅಂದರು ದೊಡ್ಡಮ್ಮ.

ಖಾಲಿ ಚೌಕವನ್ನು ಜಾವಾಸ್ಕ್ರಿಪ್ಟ್ ಸೊನ್ನೆ ಎಂದುಕೊಂಡಿತ್ತು. ಸೊನ್ನೆಯಿಂದ ಭಾಗಿಸಿದರೆ ಅದು ಬೈಯುವುದಿಲ್ಲ, ನಿಲ್ಲುವುದೂ ಇಲ್ಲ, ಅನಂತ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಈ ಜಗಳ ಹಳೆಯದು. ಒಂಬತ್ತನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ, ಇಲ್ಲ, ಅದು ಅನಂತ ಎಂದ. ಜಾವಾಸ್ಕ್ರಿಪ್ಟ್ ಭಾಸ್ಕರನ ಪಕ್ಷ. ಆದರೆ ಋಣಸಂಖ್ಯೆಗೆ ವರ್ಗಮೂಲವೇ ಇಲ್ಲ ಎಂದೂ ಮಹಾವೀರ ಹೇಳಿದ್ದ. ಮೈನಸ್ ಒಂದರ ವರ್ಗಮೂಲ ಕೇಳಿದರೆ ಜಾವಾಸ್ಕ್ರಿಪ್ಟ್ ‘ನ್ಯಾನ್’, ಅಂದರೆ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಅಲ್ಲಿ ಅದು ಮಹಾವೀರನ ಪಕ್ಷ. ಆ ‘ನ್ಯಾನ್’ ಯಾವ ಜಾತಿಯದು ಎಂದು ವಿಚಾರಿಸಿದರೆ ಮಾತ್ರ ‘ಸಂಖ್ಯೆ’ ಎಂಬ ಉತ್ತರ ಬರುತ್ತದೆ. ಜಾತಿಪಟ್ಟಿಯಲ್ಲಿ ಹೆಸರಿದೆ, ಪಂಕ್ತಿಯಲ್ಲಿ ಎಲೆ ಇಲ್ಲ.

ಜನರ ಸಂಖ್ಯೆ ಹಾಕಿದ ಮೇಲೆ 1,675 ರೂಪಾಯಿಯ ಹಿಂದೆ ದಶಮಾಂಶಗಳ ಮೆರವಣಿಗೆ ಹೊರಟಿತು. ನಾನು ಗತ್ತಿನಿಂದ ‘ರೌಂಡ್’ ಹಾಕಿದೆ. 1,676 ಎಂದು ಬಂತು. ಎಲ್ಲರೂ ಫೋನ್ ತೆಗೆದರು. ದೊಡ್ಡಪ್ಪ ಮಾತ್ರ ಪೆನ್ನು ತೆಗೆದರು.

“ಹದಿನಾಲ್ಕು ಜನ ಕೊಟ್ಟರೆ 23,464 ಆಯ್ತು. ಆರು ರೂಪಾಯಿ ಜಾಸ್ತಿ. ಅದು ಯಾರ ಜೇಬಿಗೆ ಹೋಗುತ್ತೆ?”

“ಫ್ಲೋರ್ ಹಾಕ್ತೀನಿ ದೊಡ್ಡಪ್ಪ. ಅದು ಕೆಳಕ್ಕೆ ಇಳಿಸುತ್ತೆ.”

“ಆಗ ಎಂಟು ರೂಪಾಯಿ ಖೋತಾ. ಅದನ್ನ ಯಾರು ತುಂಬ್ತಾರೆ, ನಿನ್ನ ಫ್ಲೋರಾ?”

‘ಸೀಲ್’ ಎಂಬುದೂ ಒಂದಿದೆ, ಅದು ಮೇಲಕ್ಕೇ ಏರಿಸುತ್ತದೆ ಎಂದೆ. “ಇನ್ನೂ ಲೆಕ್ಕ ತಾಳೆ ಆಗಿಲ್ಲ, ಆಗಲೇ ಸೀಲ್ ಹಾಕ್ತೀಯೇನೋ?” ಎಂದು ಗದರಿದರು. ಮೂವತ್ತು ವರ್ಷ ರಬ್ಬರ್ ಸ್ಟ್ಯಾಂಪ್ ಒತ್ತಿದ ಕೈ ಅದು.

ಇರಲಿ, ದಾರಿಯಲ್ಲಿ ಅವರಿವರು ಕೈಯಿಂದ ಹಾಕಿದ ಚಿಲ್ಲರೆಯನ್ನಾದರೂ ತೀರಿಸೋಣ ಎಂದು ಅದನ್ನೂ ಪುಟಕ್ಕೆ ಹಾಕಿದೆ. ಚಿಕ್ಕಪ್ಪನಿಗೆ ಎರಡೂವರೆ ರೂಪಾಯಿ ಬರಬೇಕು, ಅತ್ತೆ ಎರಡೂವರೆ ಕೊಡಬೇಕು. ಬರುವುದು ಪ್ಲಸ್, ಕೊಡುವುದು ಮೈನಸ್. ‘ರೌಂಡ್’ ಮಾಡಿದರೆ ಚಿಕ್ಕಪ್ಪನಿಗೆ ಮೂರು ಬಂತು, ಅತ್ತೆ ಕೊಡಬೇಕಾದ್ದು ಎರಡಕ್ಕೆ ಇಳಿಯಿತು. ಸರಿಯಾಗಿ ಅರ್ಧ ಉಳಿದಾಗ ಜಾವಾಸ್ಕ್ರಿಪ್ಟ್ ಯಾವಾಗಲೂ ಮೇಲಿನ ಮೆಟ್ಟಿಲಿಗೇ ಕಾಲಿಡುತ್ತದೆ. ಮೈನಸ್ ಎರಡೂವರೆಯಿಂದ ಮೇಲೆ ಹತ್ತಿದರೆ ಸಿಗುವುದು ಮೈನಸ್ ಎರಡು. “ಕೊಡೋವಾಗ ಕಮ್ಮಿ, ಇಸ್ಕೊಳ್ಳೋವಾಗ ಜಾಸ್ತಿ. ಇದು ನಮ್ಮ ವಂಶದ್ದೇ ಕಣೋ” ಎಂದರು ದೊಡ್ಡಪ್ಪ. ಅತ್ತೆ ಒಳಗೆದ್ದು ಹೋದರು.

ಹೆಚ್ಚಾದ ಆರು ರೂಪಾಯಿ ಯಾರಿಗೆಂದು ಚೀಟಿ ಎತ್ತೋಣ ಎಂದೆ. ವಯಸ್ಸಿನ ಪ್ರಕಾರ ಹೆಸರು ಹಾಕಿದೆ. ಮೊದಲು ದೊಡ್ಡಪ್ಪ, ಕೊನೆಗೆ ತಂಗಿಯ ಮೂರು ವರ್ಷದ ಮಗಳು. ಸೊನ್ನೆಯಿಂದ ಹದಿಮೂರರವರೆಗೆ ನಂಬರು, ‘ರ‍್ಯಾಂಡಮ್’ ಕೊಟ್ಟದ್ದನ್ನು 13ರಿಂದ ಗುಣಿಸಿ ‘ರೌಂಡ್’ ಮಾಡಿದೆ. ಪರೀಕ್ಷೆಗೆಂದು ಸಾವಿರ ಸಲ ಓಡಿಸಿದರೆ ದೊಡ್ಡಪ್ಪನಿಗೂ ಮಗುವಿಗೂ ಬಂದದ್ದು ಉಳಿದವರ ಹೆಚ್ಚುಕಡಿಮೆ ಅರ್ಧ. ತಪ್ಪು ನನ್ನದೇ. ನಡುವಿನ ಪ್ರತಿ ಅಂಕಿಗೂ ಎರಡೂ ಕಡೆಯಿಂದ ಅರ್ಧರ್ಧ ಉರುಳಿಬರುತ್ತದೆ. ತುದಿಯವರಿಗೆ ಒಂದೇ ಕಡೆ ಬಾಗಿಲು. 14ರಿಂದ ಗುಣಿಸಿ ‘ಫ್ಲೋರ್’ ಹಾಕಿದ್ದರೆ ಎಲ್ಲರಿಗೂ ಸಮಪಾಲು. “ಗೊತ್ತಾಯ್ತು ಬಿಡು. ಮುದುಕರಿಗೂ ಕೂಸುಗಳಿಗೂ ಅರ್ಧ ಟಿಕೆಟ್” ಎಂದರು ದೊಡ್ಡಪ್ಪ.

ಈಗ ಅವರಿಗೆ ಯಂತ್ರದ ಮೇಲೇ ಅನುಮಾನ ಹತ್ತಿತು. ಅಂಗಡಿಯವನ ತಕ್ಕಡಿಯನ್ನು ಬರಿದಾಗಿ ತೂಗಿ ನೋಡುವ ಹಾಗೆ ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸಿದರು. ಉತ್ತರ: 0.30000000000000004.

“ಈ ನಾಲ್ಕು ಎಲ್ಲಿಂದ ಬಂತು?”

ನನ್ನ ಬಳಿ ಉತ್ತರವಿತ್ತು. ಕಂಪ್ಯೂಟರ್ ಎಣಿಸುವುದು ಎರಡರ ಲೆಕ್ಕದಲ್ಲಿ. ಅರ್ಧ, ಅದರ ಅರ್ಧ, ಅದರರ್ಧ, ಹೀಗೆ. ಮೂರನೇ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೇ ಹೋಗುತ್ತದಲ್ಲ, ಹತ್ತನೇ ಒಂದು ಭಾಗ ಬರೆಯಹೊರಟ ಕಂಪ್ಯೂಟರಿಗೂ ಅದೇ ಪಾಡು. ಒಂದೊಂದು ಸಂಖ್ಯೆಗೆ 64 ಬಿಟ್ ಜಾಗ. ಅದು ಮುಗಿದಲ್ಲಿ ಕತ್ತರಿಸಿ ಹತ್ತಿರದ ಅಂಕಿಗೆ ಕೂರಿಸುತ್ತದೆ. ಆ ಕತ್ತರಿಯ ಚೂರೇ ಬಾಲದಲ್ಲಿ ನಾಲ್ಕಾಗಿ ಕಾಣುವುದು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 0.25ಕ್ಕೆ 0.5 ಕೂಡಿಸಿದರು. 0.75. ಬಾಲವಿಲ್ಲ. 0.0625 ಒತ್ತಿ ಹದಿನಾರರಿಂದ ಗುಣಿಸಿದರು. ಒಂದು. ಹದಿನಾರಾಣೆ ಒಂದು.

“ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಎಲ್ಲಾ ಸರಿ ಹೇಳ್ತದಲ್ಲೋ! ರೂಪಾಯಿಗೆ ಹದಿನಾರಾಣೆ, ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ನಮ್ಮ ಕಾಲದಲ್ಲಿ ಎಲ್ಲಾ ಅರ್ಧ, ಅರ್ಧದ ಅರ್ಧ. 1957ರಲ್ಲಿ ನಯಾಪೈಸೆ ಬಂದು ಲೆಕ್ಕ ಕೆಟ್ಟಿತು ನೋಡು. ನಿನ್ನ ಕಂಪ್ಯೂಟರ್ ಹಳೇ ಕಾಲದ್ದು, ನೀನು ಹೊಸ ಕಾಲದವನು. ಅದಕ್ಕೇ ಜಗಳ.”

ಎಷ್ಟೋ ವರ್ಷದಿಂದ ಕೋಡ್ ಬರೆಯುತ್ತಿದ್ದರೂ ನನಗೆ ಹೊಳೆಯದ ಮಾತು ಅದು. ಹದಿನಾರಾಣೆ ಸತ್ಯ ಎನ್ನುತ್ತೇವಲ್ಲ, ಕಂಪ್ಯೂಟರ್ ಹೇಳುವುದೇ ಅದನ್ನು. ಪೈಸೆಯಲ್ಲಿ ಕೇಳಿದರೆ ತೊದಲುತ್ತದೆ.

“ಸರಿ, ಆ ಆರು ರೂಪಾಯಿ?” ಎಂದೆ ಸೋತವನ ದನಿಯಲ್ಲಿ.

ದೊಡ್ಡಪ್ಪ ಪುಸ್ತಕ ತಿರುಗಿಸಿ ನನ್ನ ಮುಂದಿಟ್ಟರು. ಯಾವಾಗಲೋ ಬರೆದು ಮುಗಿಸಿದ್ದರು. ದೊಡ್ಡವರು ಎಂಟು ಜನ, ತಲೆಗೆ 1,676. ಮಕ್ಕಳು ಆರು, ತಲೆಗೆ 1,675. ಒಟ್ಟು 23,458. ಕೆಳಗೆ ಎರಡು ಗೆರೆ.

ಡಬ್ಬಿಯಲ್ಲಿ ಮೇಲೇರಿಸುವುದಿದೆ, ಕೆಳಗಿಳಿಸುವುದಿದೆ. ಯಾರಿಗೆ ಏರಿಸಬೇಕು, ಯಾರಿಗೆ ಇಳಿಸಬೇಕು ಎಂಬ ಬಟ್ಟಲು ಅದರಲ್ಲಿಲ್ಲ. ಅದು ದೊಡ್ಡಪ್ಪನ ಕಿವಿಯ ಮೇಲಿನ ಪೆನ್ನಿನಲ್ಲಿತ್ತು. ನಾನು ಮರುಮಾತಾಡದೆ ಕೋಡ್ ತಿದ್ದಿದೆ: ದೊಡ್ಡವರಿಗೆ ‘ಸೀಲ್’, ಮಕ್ಕಳಿಗೆ ‘ಫ್ಲೋರ್’.

ಈ ಸಲದ ಪ್ರವಾಸ ಹೊರನಾಡಿಗೆ. ಅಣ್ಣನ ಮಗ ಈಗ ಪಿಯುಸಿ, ಮೀಸೆ ಚಿಗುರಿದೆ. “ಅವನು ಸೀಲೋ ಫ್ಲೋರೋ?” ಎಂದು ನಿನ್ನೆ ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ.

“ಈಗಲೇ ಹೇಗೆ ಹೇಳೋದು? ದಾರೀಲಿ ಎಷ್ಟು ದೋಸೆ ತಿಂತಾನೋ ನೋಡೋಣ” ಎಂದರು.