ಹೂವು ಒಂದೇ, ಊರು ಮೂರು

ಅಕ್ಷರಮಾಲೆಯಿಂದಲೂ ಜಗಳ ಹುಟ್ಟುತ್ತದೆ ಎಂಬುದು, ಮೂವತ್ತೆರಡು ವರ್ಷ ಅ ಆ ಇ ಈ ಕಲಿಸಿದ ನನಗೆ ಗೊತ್ತಾದದ್ದು ನಿವೃತ್ತಿಯ ನಂತರ, ಗೋಕಾಕದ ಒಂದು ಝೆರಾಕ್ಸ್ ಅಂಗಡಿಯ ಹಿಂದಿನ ಖೋಲಿಯಲ್ಲಿ. ಅಂಗಡಿ ನಮ್ಮ ಅಕ್ಕನ ಮಗನದು. ಪಹಣಿ, ಆಧಾರ್, ಪಾಸ್‌ಪೋರ್ಟ್ ಫೋಟೋ ಇಷ್ಟರಲ್ಲೇ ತೃಪ್ತನಾಗಿದ್ದ ಹುಡುಗನಿಗೆ ಅದ್ಯಾವ ಗಾಳಿ ಬಡಿಯಿತೋ, "ಮಾಮಾ, ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿಗೆ ಕೂಡಿ ಒಂದು ವೆಬ್‌ಸೈಟ್ ಮಾಡ್ತೇನಿ. ಬರಿಯೂ ಕೆಲಸ ನಿಮ್ಮದು" ಅಂದ. ಪಗಾರ ಎಷ್ಟು ಅಂತ ಕೇಳಿದೆ. ಚಾ ಅಂದ.

ಮೊದಲ ಸಭೆಗೆ ಮೂರೂ ಊರಿನವರು ಬಂದರು. ಹುಕ್ಕೇರಿಯಿಂದ ನಮ್ಮ ಕಾಕಾ, ಮೂಡಲಗಿಯಿಂದ ಅಳಿಯನ ಮಾವ, ಅಂದರೆ ನಮ್ಮ ಬೀಗರು. ಗೋಕಾಕದ ಪರವಾಗಿ ಕರದಂಟಿನ ಅಂಗಡಿಯ ಸಾಹುಕಾರರು. ಜಾಹೀರಾತು ಕೊಡುವವರು ಅವರೊಬ್ಬರೇ ಆದ್ದರಿಂದ ಗಾದಿ ಇದ್ದ ಒಂದೇ ಕುರ್ಚಿ ಅವರ ಪಾಲಾಯಿತು.

ಊರ ಹೆಸರು ಯಾವ ಕ್ರಮದಲ್ಲಿ ಬರೆಯಬೇಕು? ನಾನು ಮಾಸ್ತರ ಬುದ್ಧಿ ಬಿಡದೆ, "ಅಕ್ಷರದ ಪ್ರಕಾರ ಬರೆದರಾತು. ಗೋಕಾಕ, ಮೂಡಲಗಿ, ಹುಕ್ಕೇರಿ" ಅಂದೆ. ಕಾಕಾ ಭಜಿಯನ್ನು ಬಾಯಿಂದ ಹೊರಗೆ ತೆಗೆದರು. "ಹಕಾರ ಹಿಂದೈತಿ ಅಂತ ಹುಕ್ಕೇರಿನೂ ಹಿಂದ ಏನು? ಇಂಗ್ಲಿಷ್‌ನ್ಯಾಗ ಬರಿ. ಜಿ ಆದಮ್ಯಾಲ ಎಚ್ಚು, ಆಮ್ಯಾಲ ಎಮ್ಮು." ತಮ್ಮೂರು ಕಡೆಗೆ ಬೀಳುತ್ತದೆ ಎಂದು ತಿಳಿದ ಕ್ಷಣವೇ ಬೀಗರೊಳಗಿನ ಕನ್ನಡಿಗ ಎದ್ದು ಕುಳಿತ. "ಗೋಕಾಕ ಚಳವಳಿ ಆದ ಊರಾಗ ಕುಂತು ಇಂಗ್ಲಿಷ್ ಅಕ್ಷರ ಎಣಸ್ತೀರಿ? ನಾಚಿಕಿ ಆಗ್ಬೇಕು!" ನಾನು ಸುಮ್ಮನಿದ್ದರೆ ಆಗುತ್ತಿತ್ತು. ಇರಲಾಗಲಿಲ್ಲ. ಆ ಚಳವಳಿಯ ಹೆಸರು ಊರಿನಿಂದ ಬಂದದ್ದಲ್ಲ, ವಿ.ಕೃ. ಗೋಕಾಕರ ವರದಿಯಿಂದ ಬಂದದ್ದು, ವರದಿ 1981ರದು, ಚಳವಳಿಗೆ ಬಿಸಿ ಏರಿದ್ದು 1982ರಲ್ಲಿ, ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ ಎಂದೆಲ್ಲ ಬಿಡಿಸಿ ಹೇಳಿದೆ. ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು. ಸಾಹುಕಾರರಿಗಂತೂ ತಮ್ಮೂರಿನ ಆಸ್ತಿಯನ್ನು ನಾನೇ ಸವಣೂರಿಗೆ ಬರೆದುಕೊಟ್ಟಷ್ಟು ದುಃಖ.

ಆಮೇಲೆ ಹೋಮ್ ಪೇಜಿನ ಮಾತು ಬಂತು. ಪುಸ್ತಕವಾದರೆ ನಾನೂರು ಪುಟ, ಎಲ್ಲರಿಗೂ ಜಾಗ ಇರುತ್ತದೆ. ವೆಬ್‌ಸೈಟಿಗೂ ಪುಟಗಳೆಷ್ಟಾದರೂ ಇರಲಿ, ಮೊಬೈಲ್ ತೆರೆದಾಗ ಕಣ್ಣಿಗೆ ಬೀಳುವುದು ಅಂಗೈಯಗಲದ ಜಾಗ. ಆ ಅಂಗೈಯ ಮೇಲೆ ಯಾರು ಕೂಡ್ರಬೇಕು?

ಸಾಹುಕಾರರು ಜಲಪಾತ ಅಂದರು. ಘಟಪ್ರಭೆ 52 ಮೀಟರ್ ಕೆಳಗೆ ಜಿಗಿಯುವ ಜಾಗ, ಮೇಲೆ ತೂಗುಸೇತುವೆ, ಪಕ್ಕದಲ್ಲಿ 1885ರಲ್ಲಿ ಸುರುವಾದ ಗಿರಣಿ. ಎರಡೇ ವರ್ಷದಲ್ಲಿ ಆ ನೀರಿನ ಬಲದಿಂದಲೇ ಯಂತ್ರ ತಿರುಗಿಸಿದ ಊರು ಇದು. ಅದರ ಕೆಳಗೆ ಸಣ್ಣದಾಗಿ, "ಬಾಳ ಸಣ್ಣದಾಗಿ ಸರ್ರ" ಅನ್ನುತ್ತಾ ಎರಡೂ ಕೈ ಅಗಲಿಸಿ, ಕರದಂಟಿನ ಪೆಟ್ಟಿಗೆಯ ಚಿತ್ರ. ಕಾಕಾ ಆದಿಲಶಾಹಿ ಕಾಲದ ಗುಮ್ಮಟಗಳನ್ನು ತಂದು ನಿಲ್ಲಿಸಿದರು. ಹಿಂದೆಯೇ ಹಿಡಕಲ್ ಡ್ಯಾಮು, ಸಂಕೇಶ್ವರದ ಮೆಣಸಿನಕಾಯಿ. ಬೀಗರಿಗೆ ಶಿವಬೋಧರಂಗ ಮಠ ಬೇಕು, ದನದ ಪ್ಯಾಟಿ ಬೇಕು, ಎಲ್ಲಕ್ಕಿಂತ ಮೇಲೆ ತಾಲೂಕು ಆದ ಕತೆ ಬೇಕು. 2017ರಲ್ಲಿ ಹೊಸ ತಾಲೂಕುಗಳ ಪಟ್ಟಿಯಿಂದ ಹೆಸರು ಬಿಟ್ಟಾಗ ಬೀದಿಗಿಳಿದು ಗೆದ್ದ ಊರು ಅದು. ಇನ್ನು ವೆಬ್‌ಸೈಟಿನಲ್ಲಿ ಬಿಟ್ಟರೆ ಬಿಟ್ಟಾರೆಯೇ? "ಬಿಟ್ಟು ನೋಡ್ರಿ" ಅಂದರು. ನೋಡುವ ಧೈರ್ಯ ಯಾರಿಗೂ ಆಗಲಿಲ್ಲ.

ನನಗೆ ಪಾರಿಜಾತ ನೆನಪಾಯಿತು. ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ, ಕುಲಗೋಡ ತಮ್ಮಣ್ಣನ ಆಟ, ಕೌಜಲಗಿ ನಿಂಗಮ್ಮ ಊರೂರು ಮೆರೆಸಿದ ಆಟ. ನಾರದ ತಂದದ್ದು ಒಂದೇ ಹೂವು. ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ. ಸತ್ಯಭಾಮೆ ಮುನಿದಳು. ಆಮೇಲೆ ಬೆಳತನಕ ಆಟ! ಎರಡು ಹೂವು ತಂದಿದ್ದರೆ ಜನ ಹತ್ತು ಗಂಟೆಗೇ ಮಲಗಬಹುದಿತ್ತು. ನಮ್ಮ ಹೋಮ್ ಪೇಜೂ ಅಂಥದೇ ಹೂವು, ಅದರ ಮೇಲೆ ಸತ್ಯಭಾಮೆಯರು ಮೂವರು, ಮೂವರಿಗೂ ಮೀಸೆ.

ಅಳಿಯ ಚಾಣಾಕ್ಷ. ಎಲ್ಲರನ್ನೂ ಮೇಲೆಯೇ ಕೂಡ್ರಿಸಿದ. ಫೋಟೋಗಳು ಒಂದಾದ ಮೇಲೊಂದು ಸರಿಯುತ್ತಿದ್ದವು, ಕೆಳಗೆ ಕೆಂಪಕ್ಷರ ಎಡಕ್ಕೆ ಓಡುತ್ತಿತ್ತು, ತೆರೆದ ಕೂಡಲೇ ಕರದಂಟಿನ ಪೆಟ್ಟಿಗೆ ಧುತ್ತೆಂದು ಎದುರು ಬಂದು ನಿಲ್ಲುತ್ತಿತ್ತು, ಅದನ್ನು ಮುಚ್ಚುವ ಗುಣಾಕಾರದ ಚಿಹ್ನೆ ಸಾಸಿವೆಕಾಳಿಗಿಂತ ಸಣ್ಣದು. ಜಲಪಾತದ ಫೋಟೋ ಎಷ್ಟು ದೊಡ್ಡದೆಂದರೆ ನಮ್ಮ ನೆಟ್‌ವರ್ಕಿಗೆ ಅದನ್ನು ಹೊರುವುದೇ ಆಗದು. ಖರೇ ಜಲಪಾತದಲ್ಲಿ ಬಿಟ್ಟ ಕಲ್ಲು ತಳ ಮುಟ್ಟಲು ಮೂರು ಚಿಲ್ಲರೆ ಸೆಕೆಂಡು ಸಾಕು. ನಮ್ಮ ಜಲಪಾತ ಗೆರೆಗೆರೆಯಾಗಿ ಇಳಿಯುತ್ತ, ಅರ್ಧಕ್ಕೆ ನಿಂತು, ಯೋಚನೆ ಮಾಡಿ, ಮತ್ತೆ ಇಳಿಯುತ್ತಿತ್ತು. ನಾನು ಬರೆದ ಲೇಖನಗಳದು ಇನ್ನೊಂದು ಗತಿ. ನುಡಿಯ ಹಳೇ ಅಕ್ಷರದಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸದೆ ಹಾಕಿದ್ದರಿಂದ ಮೊಬೈಲಿನಲ್ಲಿ ಇರುವೆ ಹರಿದಂತೆ ಕಾಣುತ್ತಿದ್ದವು. ಒಬ್ಬರೂ ತಕರಾರು ಮಾಡಲಿಲ್ಲ. ಓದಲು ಹೋದವರೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ.

ಬಂದ ಪತ್ರಗಳೂ ಹಾಗೇ. ಮೊದಲನೆಯದು ಬೆಂಗಳೂರಿನಿಂದ: "ನಿಮ್ಮ ಊರಿನ ಬೇಟೆನಾಯಿ ಮರಿಗೆ ಎಷ್ಟು?" ಮುಧೋಳ ಅಂತ ಹುಡುಕುವಾಗ ಮೂಡಲಗಿಗೆ ಕಾಲಿಟ್ಟ ಮಹಾಶಯ. ಬೀಗರು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಎರಡನೆಯದು ಕೆಲಸದ ಪತ್ರ, ಮತ್ತು ನಮ್ಮ ಬಂಡವಾಳ ಬಯಲು ಮಾಡಿದ ಪತ್ರ. "ಕರೆಂಟ್ ಬಿಲ್" ಎಂದು ಅಳಿಯ ಒಂದು ಗುಂಡಿ ಇಟ್ಟಿದ್ದ, ಒತ್ತಿದರೆ ಹೆಸ್ಕಾಂ. ಗೋಕಾಕಕ್ಕೆ ಸರಿ, ಮೂಡಲಗಿಗೂ ಸರಿ. ಹುಕ್ಕೇರಿಯ ಹೆಣ್ಣುಮಗಳೊಬ್ಬಳು ಬರೆದಿದ್ದಳು: "ನಮ್ಮ ನಂಬರ್ ಹಾಕಿದರೆ ಇಲ್ಲ ಅಂತದರಿ." ಇರುವುದಾದರೂ ಹೇಗೆ? ಹುಕ್ಕೇರಿಗೆ ಕರೆಂಟು ಕೊಡುವುದು ಅದರದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, 1969ರದು, ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಗುಮ್ಮಟದ ಫೋಟೋ ನಾಲ್ಕು ಕಡೆ ಹಾಕಿ, ಊರಿನ ವಿಶೇಷವೇನು ಎಂದು ಎರಡು ಪುಟ ಬರೆದ ನಾವು, ಮನೆಮನೆಯಲ್ಲಿ ಉರಿಯುವ ವಿಶೇಷವನ್ನೇ ಮರೆತಿದ್ದೆವು. ಕಾಕಾನನ್ನು ಕೇಳಿದರೆ, "ಬಿಲ್ಲು ನಿಮ್ಮ ಕಾಕು ತುಂಬ್ತಾಳ, ನನಗೇನ್ ಗೊತ್ತು?" ಅಂದರು.

ಅಳಿಯನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಏನೇನೋ ಓದಿಕೊಂಡು ಬಂದಿದ್ದ. ಜಗತ್ತಿನ ಮೊದಲ ವೆಬ್‌ಸೈಟು 1991ರಲ್ಲಿ ಟಿಮ್ ಬರ್ನರ್ಸ್ ಲೀ ಎಂಬಾತ ಮಾಡಿದ್ದಂತೆ, ಅದರಲ್ಲಿ ಒಂದೂ ಚಿತ್ರ ಇಲ್ಲವಂತೆ, ಬರೇ ಅಕ್ಷರ. "ತನ್ನ ಫೋಟೋನೂ ಹಾಕ್ಕೊಂಡಿಲ್ಲ ಮಾಮಾ!" ಉದ್ಘಾಟನೆಗೂ ಯಾರನ್ನೂ ಕರೆದಿರಲಿಕ್ಕಿಲ್ಲ, ಪಾಪ. ಮಾಹಿತಿ ಹಕ್ಕು ಕಾಯ್ದೆಯನ್ನೂ ತಿರುವಿ ಹಾಕಿದ್ದ. ಯಾರೂ ಕೇಳದಿದ್ದರೂ ಸರಕಾರಿ ಕಚೇರಿ ತಾನಾಗಿ 17 ಬಗೆಯ ಮಾಹಿತಿ ಹೊರಗಿಡಬೇಕು ಎಂದು ಅದರ 4ನೇ ಕಲಮು ಹೇಳುತ್ತದೆ. "ಹದಿನೇಳರಾಗ ಸ್ವಾಗತ ಭಾಷಣ ಐತೇನು?" ಎಂದು ನನ್ನನ್ನೇ ಕೇಳಿದ. ನಾನು ಬರೆದ ಸ್ವಾಗತ ಭಾಷಣ ಸುಮಾರು ಚೆನ್ನಾಗಿಯೇ ಇತ್ತು ಎಂದು ಈಗಲೂ ನನ್ನ ಅಭಿಪ್ರಾಯ.

ತೀರ್ಪು ಕೊಟ್ಟದ್ದು ಕಾಯ್ದೆಯಲ್ಲ, ಮಳೆ. ಘಟ್ಟದ ಕಡೆ ಹಿಡಿದರೆ ನಮ್ಮ ಮೂರೂ ಊರಿನ ಹಣೆಬರಹ ಒಂದೇ ಗೆರೆಯಲ್ಲಿ ಬರುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ತುಂಬಿತೆಂದರೆ ಬಾಗಿಲು ತೆರೆಯುತ್ತಾರೆ. ಹಿರಣ್ಯಕೇಶಿ, ಮಾರ್ಕಂಡೇಯ ಬೇರೆ ಬಂದು ಕೂಡುತ್ತವೆ. ಗೋಕಾಕದ ಮಗ್ಗುಲಿನ ಲೋಳಸೂರ ಸೇತುವೆ ಮುಳುಗುತ್ತದೆ. ಮೂಡಲಗಿಯ ಕಡೆ ಹೋಗುವವರು ಈಚೆ, ಬರುವವರು ಆಚೆ. 2019ರ ಆಗಸ್ಟ್ ನೆನೆದರೆ ಗೋಕಾಕದವರಿಗೆ ಇವತ್ತೂ ಎದೆ ಝಲ್ಲೆನ್ನುತ್ತದೆ; ನೀರು ಸೇತುವೆಯಷ್ಟಕ್ಕೇ ನಿಲ್ಲದೆ ಓಣಿಗಳೊಳಗೆ ನುಗ್ಗಿತ್ತು. ಆಗ ನಮ್ಮ ಅಕ್ಕ ಮೂಡಲಗಿಯಲ್ಲಿ ಸಿಕ್ಕಿಕೊಂಡು ದಿನಕ್ಕೆ ಹತ್ತು ಸಲ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ ಮಾತು: "ಸೇತುವಿ ಮ್ಯಾಲ ಬಸ್ಸು ಹೊಂಟಾವೇನೋ?"

ಆ ಮಾತನ್ನು ಅಳಿಯ ಮರೆತಿರಲಿಲ್ಲ. ಮಳೆ ಸುರುವಾದ ದಿನ ಸರಿಯುವ ಫೋಟೋ, ಓಡುವ ಅಕ್ಷರ, ಪೆಟ್ಟಿಗೆ, ನನ್ನ ಭಾಷಣ ಎಲ್ಲ ಕೆಳಗೆ ತಳ್ಳಿ, ಮೇಲೆ ಬಿಳೀ ಜಾಗದಲ್ಲಿ ದಪ್ಪಕ್ಷರದಲ್ಲಿ ಒಂದೇ ಸಾಲು ಬಿಟ್ಟ: "ಲೋಳಸೂರ ಸೇತುವೆ: ಬಸ್ಸು ಹೊಂಟಾವ." ಅಷ್ಟೇ. ಪಾರಿಜಾತದ ಹೂವು ಸತ್ಯಭಾಮೆಗೂ ಇಲ್ಲ, ರುಕ್ಮಿಣಿಗೂ ಇಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತ ಮುದುಕಿಗೆ. ಸಾಹುಕಾರರು ಮುನಿದರು. ಆದರೆ ಅವರ ಮಾಲು ಹೊತ್ತ ಟೆಂಪೋ ಅದೇ ಸೇತುವೆ ದಾಟಬೇಕಿತ್ತು. ಸಂಜೆಗೆ ತಾವೇ ಮೊಬೈಲ್ ತೆಗೆದು ಎರಡು ಸಲ ನೋಡಿದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾವು ಗೆದ್ದ ಕತೆಯಾಗುತ್ತಿತ್ತು. ಒಂದು ಬೆಳಿಗ್ಗೆ ನೀರು ಏರಿ ಬಸ್ಸು ನಿಂತವು, ಸಾಲು ಬದಲಾಯಿತು: "ಸೇತುವೆ ಮುಳುಗೇತಿ, ಬರಬ್ಯಾಡ್ರಿ." ನೀರು ಇಳಿಯಿತು, ಬಿಸಿಲು ಬಂತು, ದಸರೆ ಹೋಯಿತು, ದೀಪಾವಳಿ ಬಂತು. ಕಾಕಾ ಹಬ್ಬದ ಉಂಡಿ ಹಿಡಿದುಕೊಂಡು ಬೀಗರ ಮನೆಗೆ ಹೊರಟವರು ಗೋಕಾಕದಿಂದಲೇ ವಾಪಸು ಬಂದರು. "ಸೇತುವಿ ಮುಳುಗೇತಂತಲ್ಲೋ!" ನವೆಂಬರಿನ ಬಿಸಿಲಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಾ ಕೇಳಿದರು. ಆಕಾಶ ನೋಡಬಾರದೇ ಅಂದೆ. "ಆಕಾಶ ಯಾಕ ನೋಡ್ಲಿ, ನಿಮ್ಮ ವೆಬ್‌ಸೈಟ್ ನೋಡೇನಿ" ಅಂದರು. ಇದಕ್ಕೆ ಉತ್ತರ ಯಾವ ಮಾಸ್ತರನ ಬಳಿಯೂ ಇಲ್ಲ.

ಅವತ್ತಿನಿಂದ ಆ ಸಾಲಿನ ಪಕ್ಕ ತಾರೀಖು, ವೇಳೆ ಎರಡೂ ಇರುತ್ತವೆ, ಮತ್ತು ಅವನ್ನು ದಿನಾ ಬದಲಿಸುವ ಕೆಲಸ ನನಗೆ ಬಿದ್ದಿದೆ. ಗುಮ್ಮಟದ ಫೋಟೋಕ್ಕೆ ಇಂಥ ಕಾಟವಿಲ್ಲ ನೋಡಿ, ಒಮ್ಮೆ ಹಾಕಿದರೆ ಮುನ್ನೂರು ವರ್ಷ ಅಲ್ಲೇ ಕೂತಿರುತ್ತದೆ. ಮಳೆಗಾಲವಿರಲಿ, ಬೇಸಗೆಯಿರಲಿ, ಬೆಳಿಗ್ಗೆ ಆರಕ್ಕೆದ್ದು ನಾನು ಸೇತುವೆ ಹತ್ತಿರದ ಚಾದಂಗಡಿಯವನಿಗೆ ಫೋನು ಹಚ್ಚುತ್ತೇನೆ. ಏಪ್ರಿಲ್ ತಿಂಗಳಲ್ಲಿ, ಹೊಳೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿಲ್ಲದಾಗಲೂ, "ಸೇತುವಿ ಹೆಂಗೈತೋ?" ಅಂತ ಕೇಳುತ್ತೇನೆ. "ಐತ್ರಿ" ಅನ್ನುತ್ತಾನೆ. ಬರೆಯುತ್ತೇನೆ.

ಮೊನ್ನೆ ಅವನು ಫೋನು ಇಡಲಿಲ್ಲ. "ಮಾಸ್ತರ" ಅಂದ, "ವರ್ಷಾತು, ಸೇತುವಿ ಹೆಂಗೈತಿ ಅಂತ ದಿನಾ ಕೇಳ್ತೀರಿ. ನಾ ಹೆಂಗದೇನಿ ಅಂತ ಒಂದಿನಾನೂ ಕೇಳ್ಲಿಲ್ಲ ನೋಡ್ರಿ."