ಟಿಬಿಲಿಸಿ ಟೈಮು

ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರನ್ನು ಟೈಮೆಷ್ಟು ಎಂದು ಕೇಳಿದಾಗ ಅವರು ‘ಇಲ್ಲೀದೋ, ಅಲ್ಲೀದೋ?’ ಎಂದರೆ ಗಾಬರಿಯಾಗಬೇಡಿ. ಅವರ ಮನೆಯ ಮಗುವೊಂದು ಹೊರದೇಶದಲ್ಲಿ ಎಂಬಿಬಿಎಸ್ ಓದಲು ಅರ್ಜಿ ಹಾಕಿದೆ, ಅಷ್ಟೆ. ಇಂಥವರು ಈಗ ಬೀದಿಗೊಬ್ಬರಿದ್ದಾರೆ. ಹೆಸರು ಹಾಲೇಶಪ್ಪ ಎಂದಿಟ್ಟುಕೊಳ್ಳಿ, ಊರು ದಾವಣಗೆರೆ ಎನ್ನಿ. ಇಲ್ಲಿ ಆರೂವರೆಯಾದರೆ ಜಾರ್ಜಿಯಾದ ಟಿಬಿಲಿಸಿಯಲ್ಲಿ ಐದು. ಒಂದೂವರೆ ತಾಸಿನ ಈ ವ್ಯತ್ಯಾಸವನ್ನು ಹಾಲೇಶಪ್ಪನವರು ಕೈಗೆ ಕಟ್ಟಿಕೊಂಡೇ ಓಡಾಡುತ್ತಾರೆ. ಬಲಗೈ ವಾಚು ಅಲ್ಲಿಯದು.

ದಾವಣಗೆರೆಯಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆಯಲ್ಲ ಎಂದು ತಿಳಿಯದೆ ಬಾಯಿ ಹಾಕಿದವರಿಗೆ ಅವರು ಅರ್ಧ ಗಂಟೆ ಪಾಠ ಮಾಡುತ್ತಾರೆ. ಮಗಳಿಗೆ ನೀಟ್‌ನಲ್ಲಿ 720ಕ್ಕೆ 311. ಪಾಸು ಪಾಸೇ, ಆದರೆ ಸರ್ಕಾರಿ ಸೀಟಿಗೆ ಸಾಲದು. ಮ್ಯಾನೇಜ್‌ಮೆಂಟ್ ಸೀಟೆಂದರೆ ಹೊಲ, ಸೈಟು, ಹೆಂಡತಿಯ ಬಳೆ ಎಲ್ಲ ಸೇರಿಸಿದರೂ ಮೂರನೇ ವರ್ಷಕ್ಕೆ ಮುಗಿದುಹೋಗುವ ಲೆಕ್ಕ. ಹೊರಗೆ ಹೋಗುವವರಿಗೂ ನೀಟ್ ಪಾಸಾಗಿರಬೇಕೆಂಬ ನಿಯಮ 2018ರಿಂದ ಇದೆ, ಆ ಗಂಡಾಂತರ ದಾಟಿದೆಯಲ್ಲ ಎಂಬುದೇ ಅವರ ಸಮಾಧಾನ.

ದೇಶದ ಆಯ್ಕೆಯೇನೂ ಸುಲಭವಾಗಿ ಆಗಲಿಲ್ಲ. ಅಣ್ಣನ ಮಗನ ಕಾಲದಲ್ಲಿ ಎಲ್ಲರ ಬಾಯಲ್ಲೂ ಉಕ್ರೇನಿನ ಖಾರ್ಕೀವ್. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಗಿ ಆ ಮಾತು ನಿಂತಿತು. ಕಿರ್ಗಿಸ್ತಾನದ ಬಿಷ್ಕೆಕ್ ಅಗ್ಗ ಎಂದರು. 2024ರ ಮೇ ತಿಂಗಳಲ್ಲಿ ಅಲ್ಲಿ ಹೊರದೇಶದ ವಿದ್ಯಾರ್ಥಿಗಳ ಮೇಲೆ ಗುಂಪು ಹಲ್ಲೆಯಾದ ಸುದ್ದಿಯನ್ನು ಟಿವಿಯಲ್ಲಿ ನೋಡಿದ್ದ ಹೆಂಡತಿ ಒಪ್ಪಲಿಲ್ಲ. ರಷ್ಯಾ ಚಳಿ ಎಂದು ಅಜ್ಜಿ ತಳ್ಳಿಹಾಕಿದರು, ದಾವಣಗೆರೆ ದಾಟಿದರೆ ಹರಿಹರವೂ ಚಳಿಯೇ ಎನ್ನುವವರು ಅವರು. ಉಳಿದದ್ದು ಜಾರ್ಜಿಯಾ. ‘ಅಮೆರಿಕಾದಲ್ಲಿ ಇದೆಯಲ್ಲ, ಅದಾ?’ ಎಂದು ಕೇಳಿದವರಿಗೆಲ್ಲ ‘ಅಲ್ಲ’ ಎನ್ನುವ ಕಷ್ಟವನ್ನು ಕೊನೆಕೊನೆಗೆ ಅವರು ಕೈಬಿಟ್ಟರು.

ಅರ್ಜಿ ಹಾಕಿದ್ದು ಮಗಳು ಎನ್ನುವುದು ಕಾಗದದ ಮಾತು. ಇಮೇಲ್ ಮಾಡಿಸಿದ್ದು ಅಪ್ಪ, ಪಾಸ್‌ವರ್ಡು ಅಪ್ಪನದು, ಓಟಿಪಿ ಬರುವುದು ಅಪ್ಪನ ಫೋನಿಗೆ. ಅಂಕಪಟ್ಟಿ ಹಿಡಿದು ಮಲ್ಲೇಶ್ವರದ ಪಿಯು ಬೋರ್ಡಿಗೆ ಹೋದವರೂ, ಹೊರದೇಶಕ್ಕೆ ಬೇಕಾದ ಅಪಾಸ್ಟಿಲ್ ಮುದ್ರೆ ಹಾಕಿಸಿಕೊಂಡು ಬಂದವರೂ ಅವರೇ. ‘ಈ ಮುದ್ರೆಯ ಹೇಗ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ, ಗೊತ್ತೇನ್ರೀ?’ ಎಂದು ಬೆಣ್ಣೆದೋಸೆ ಹೋಟೆಲಿನಲ್ಲಿ ಕೇಳುತ್ತಾರೆ. ಪಕ್ಕದ ಟೇಬಲ್ಲಿನವನು ಚಟ್ನಿ ಕೇಳಲು ಕೈ ಎತ್ತಿದರೂ ‘ಹಾಂ, ಹೇಳಿ’ ಎನ್ನುತ್ತಾರೆ. ಅಂಕಪಟ್ಟಿ ಜಾರ್ಜಿಯನ್ ಭಾಷೆಗೆ ಅನುವಾದವಾಗಿ ಬಂದ ದಿನ ಅದನ್ನು ನನಗೂ ತೋರಿಸಿದರು. ಕನ್ನಡವನ್ನೇ ಕನ್ನಡಕವಿಲ್ಲದೆ ನೋಡಿದ ಹಾಗಿತ್ತು. ಅವರು ಮಾತ್ರ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ‘ಇದು ಬಯಾಲಜಿ, ಇದು ಕೆಮಿಸ್ಟ್ರಿ’ ಎಂದು ಓದಿಯೇ ಬಿಟ್ಟರು.

ಸಂದರ್ಶನ ವಿಡಿಯೊದಲ್ಲಿ. ಕ್ಯಾಮೆರಾದ ಮುಂದೆ ಮಗಳು, ಕ್ಯಾಮೆರಾದ ಹಿಂದೆ ಅಪ್ಪ. ಡಾಕ್ಟರಾಗಬೇಕೆಂದು ಯಾಕೆ ಅನ್ನಿಸಿತು ಎಂಬ ಪ್ರಶ್ನೆ ಬಂತು. ಉತ್ತರವನ್ನು ಅಪ್ಪ ಮೊದಲೇ ಬರೆದುಕೊಟ್ಟಿದ್ದರು: ಚಿಕ್ಕಂದಿನಲ್ಲಿ ಅಜ್ಜನ ಕಾಯಿಲೆ, ಹಳ್ಳಿಯಲ್ಲಿ ಆಸ್ಪತ್ರೆ ಇಲ್ಲದ್ದು, ಸೇವೆಯ ಸಂಕಲ್ಪ. (ಆ ಅಜ್ಜ ತೊಂಬತ್ತರ ಮೇಲೂ ಗಟ್ಟಿಮುಟ್ಟಾಗಿ ಪಕ್ಕದ ಕೋಣೆಯಲ್ಲಿ ಅಡಿಕೆ ಕುಟ್ಟುತ್ತಿದ್ದರು. ಸಂದರ್ಶನದ ಹೊತ್ತಿಗೆ ಮಾತ್ರ ಸದ್ದು ಕೇಳುತ್ತದೆಂದು ಕುಟ್ಟಾಣಿಯನ್ನು ಕಿತ್ತಿಟ್ಟಿದ್ದರಂತೆ.) ಮಗಳು ಹೇಳುತ್ತ ಹೋದಂತೆ ಅಪ್ಪನ ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ಅವಳು ತಡವರಿಸಿದಾಗ ‘ಸರ್ವಿಸ್’ ಎಂಬ ಮಾತು ಗಂಡು ದನಿಯಲ್ಲಿ ಹೊರಬಿತ್ತು. ಆ ಕಡೆಯವರು ಏನೂ ಅನ್ನಲಿಲ್ಲ. ರೂಢಿಯಾಗಿರಬೇಕು.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಕೆಲಸವೆಂದೇ ಅದನ್ನು ಕರೆಯಬೇಕು, ಯಾಕೆಂದರೆ ಹಾಲೇಶಪ್ಪನವರು ಬೇರೇನೂ ಮಾಡುತ್ತಿರಲಿಲ್ಲ. ಹನ್ನೊಂದೂವರೆಗೆ ಅಲ್ಲಿ ಆಫೀಸು ತೆರೆಯುತ್ತದೆಂದು ಹನ್ನೊಂದಕ್ಕೇ ಊಟ ಮುಗಿಸಿ ಫೋನಿನ ಮುಂದೆ ಕೂರುತ್ತಾರೆ. ಇನ್‌ಬಾಕ್ಸ್ ಆದಮೇಲೆ ಸ್ಪ್ಯಾಮು. ಲಾಟರಿ ಗೆದ್ದಿದ್ದೀರಿ ಎನ್ನುವ ಕಾಗದಗಳನ್ನೂ ಕೊನೆಯವರೆಗೆ ಓದುತ್ತಾರೆ, ಕೆಳಗೆಲ್ಲಾದರೂ ಸೀಟಿನ ವಿಷಯ ಇದ್ದರೆ? ಕನ್ಸಲ್ಟೆನ್ಸಿಯ ಹುಡುಗನಿಗೆ ಫೋನು ಮಾಡಿದರೆ ‘ಪ್ರಾಸೆಸ್‌ನಲ್ಲಿದೆ ಅಂಕಲ್’. ಮರುದಿನವೂ ಪ್ರಾಸೆಸ್ಸೇ. ಒಂದು ದಿನ ಮಾತ್ರ ‘ಇವತ್ತು ಅಲ್ಲಿ ರಜೆ ಅಂಕಲ್’ ಎಂದ. ಸುಳ್ಳಿರಬೇಕೆಂದು ಹುಡುಕಿದರೆ, ಹೌದು, ಆಗಸ್ಟ್ 28, ಮರಿಯಾಮೋಬ, ಮೇರಿ ಮಾತೆಯ ಹಬ್ಬ. ‘ಮಾರಮ್ಮನ ಹಬ್ಬಕ್ಕೆ ರಜೆ ಕೊಡ್ತಾರೆ ಅಂದ್ರೆ ಒಳ್ಳೇ ದೇಶಾನೇ ಬಿಡ್ರಿ’ ಎಂದು ಹೆಂಡತಿ ಮೊದಲ ಬಾರಿಗೆ ಸಮಾಧಾನಪಟ್ಟರು. ಅಂದಿನಿಂದ ಜಾರ್ಜಿಯಾದ ರಜೆಗಳೆಲ್ಲ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬಂದವು. ಆ ಗಡಿಬಿಡಿಯಲ್ಲಿ ಸ್ವಂತ ತಂಗಿಯ ಮಗನ ನಿಶ್ಚಿತಾರ್ಥದ ತಾರೀಖು ಅಡಿಗೆ ಬಿತ್ತು.

ಅಲ್ಲಿ ಕಾಲೇಜು ಒಪ್ಪಿದರೆ ಸಾಲದು, ಶಿಕ್ಷಣ ಸಚಿವಾಲಯದ ಆದೇಶವೂ ಆಗಬೇಕು. ಮದುವೆಮನೆಯಲ್ಲಿ ಯಾರೋ ಸೀಟಿನ ವಿಷಯ ಕೇಳಿದ್ದಕ್ಕೆ ಇವರು ಗಂಭೀರವಾಗಿ ‘ಮಿನಿಸ್ಟರ್ ಟೇಬಲ್ ಮೇಲಿದೆ’ ಎಂದರು. ಪಂಕ್ತಿಯೇ ಸ್ತಬ್ಧವಾಯಿತು. ಬಡಿಸುವವನು ಇವರ ಎಲೆಗೆ ಎರಡು ಹೋಳಿಗೆ ಹೆಚ್ಚು ಹಾಕಿದ. ಕೈತೊಳೆಯುವಲ್ಲಿ ಹೈಸ್ಕೂಲು ಮಾಸ್ತರರೊಬ್ಬರು ಹತ್ತಿರ ಬಂದು, ತಮ್ಮ ಹೆಂಡತಿಯ ವರ್ಗಾವಣೆಯ ಅರ್ಜಿಯೂ ಅದೇ ಟೇಬಲ್ಲಿನ ಮೇಲೆ ಇರಬಹುದು, ಒಂದು ಮಾತು ಹಾಕಿ ಎಂದರು. ಹಾಲೇಶಪ್ಪನವರು ‘ನೋಡೋಣ’ ಎಂದರಂತೆ! ಕಾಯುವವನಿಗೆ ಸಿಗುವ ಗೌರವ ಇಷ್ಟೇ, ಅದನ್ನೂ ಬೇಡವೆನ್ನಲು ಅವರೇನು ಸನ್ಯಾಸಿಯೇ?

ಮಗಳೇನು ಮಾಡುತ್ತಿದ್ದಳು? ನಿದ್ದೆ. ಎರಡು ವರ್ಷ ನೀಟಿಗೆ ಓದಿದ ಹುಡುಗಿಗೆ ನಿದ್ದೆಯ ಬಾಕಿ ಬಹಳವಿರುತ್ತದೆ. ಅವಳು ಏಳುವ ಹೊತ್ತಿಗೆ ಅಪ್ಪ ಮುಂದಿನ ಲೆಕ್ಕಗಳನ್ನು ಮಾಡಿ ಮುಗಿಸಿರುತ್ತಿದ್ದರು: ಕನಿಷ್ಠ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್, ತಿರುಗಿ ಬಂದಮೇಲೆ ಇಲ್ಲಿ ಡಾಕ್ಟರಾಗಲು ಬರೆಯಬೇಕಾದ 300 ಪ್ರಶ್ನೆಯ ಎಫ್‌ಎಂಜಿಇ, ಪಾಸಿಗೆ 150. ‘ನಾನಾದರೆ 200 ತೆಗೀತಿದ್ದೆ’ ಎಂದು ಒಮ್ಮೆ ನನ್ನೆದುರು ಬಾಯಿ ತಪ್ಪಿ ಅಂದೇಬಿಟ್ಟರು.

ಕಾಗದ ಬಂದದ್ದು ಒಂದು ಮಧ್ಯಾಹ್ನ. ಮನೆಯಲ್ಲಿ ಗದ್ದಲ ಕೇಳಿ ನಾನೂ ಹೋದೆ. ಪಾಸ್‌ಪೋರ್ಟಿನವರಿಗೆ ಸರ್‌ನೇಮ್ ಬೇಕು, ಸಹನಾ ಎಚ್. ಎಂಬ ಹುಡುಗಿಯ ಬಳಿ ಇರುವುದು ಒಂದೇ ಇನಿಶಿಯಲ್ಲು. ಅದನ್ನು ಬಿಡಿಸಿ ಅಲ್ಲಿ ಅಪ್ಪನ ಹೆಸರು ಬರೆಸಿದ್ದರು. ಹಾಗಾಗಿ ಕಾಗದ ಹೀಗೆ ಶುರುವಾಗಿತ್ತು: ಸನ್ಮಾನ್ಯ ಮಿಸ್ಟರ್ ಹಾಲೇಶಪ್ಪ, ನೀವು ನಮ್ಮ ವೈದ್ಯಕೀಯ ವಿಭಾಗಕ್ಕೆ ಆಯ್ಕೆಯಾಗಿದ್ದೀರೆಂದು ತಿಳಿಸಲು ಸಂತೋಷಪಡುತ್ತೇವೆ.

ಮಗಳು ನಕ್ಕು ನಕ್ಕು ಸೋಫಾದ ಮೇಲೆ ಬಿದ್ದಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹೋಗಿ ಬರ್ರಿ. ಆರು ವರ್ಷ ನಾವಿಬ್ರೂ ಆರಾಮಾಗಿರ್ತೀವಿ’ ಎಂದರು.

ಹಾಲೇಶಪ್ಪನವರು ನಗಲಿಲ್ಲ. ಕಾಗದವನ್ನು ಮತ್ತೊಮ್ಮೆ ಓದಿದರು. ‘ನೀಟ್‌ಗೆ ವಯಸ್ಸಿನ ಮೇಲ್ಮಿತೀನ 2022ರಲ್ಲೇ ತೆಗೆದುಬಿಟ್ಟಿದಾರೆ ಕಣೇ’ ಎಂದರು.